ಹಳೇ ಲ್ಯಾಪ್‌ಟಾಪ್‌ನಲ್ಲಿ ರೇಡಿಯೋ: ಟರ್ಮಿನಲ್ ಒಂದೇ ಸಾಕು

ಮೈಸೂರಿನಲ್ಲಿ ಆಕಾಶವಾಣಿ ಕೇಳೋಕೆ ಕಂಪ್ಯೂಟರ್ ಯಾಕೆ? 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮನೆಯಿಂದಲೇ ಪ್ರಸಾರ ಶುರು ಮಾಡಿದ ಊರಿದು. ರೇಡಿಯೋ ಹಚ್ಚಿ 100.6ಕ್ಕೆ ತಿರುಗಿಸಿದರೆ ಆಯ್ತು, ಅಲ್ವಾ? ಆದರೆ ಬೆಳಗಿನ ಕಾರ್ಯಕ್ರಮ ಬರುವ ಹೊತ್ತಿಗೆ ನಮ್ಮಪ್ಪ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್‌ನಲ್ಲಿರುತ್ತಾರೆ. ಬಂದ ಮೇಲೆ ಕೇಳಬೇಕು ಅಂದರೆ ರೆಕಾರ್ಡ್ ಆಗಿರಬೇಕು.

ಮೂಲೆಯಲ್ಲಿ 2 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಸುಮ್ನೆ ಬಿದ್ದಿತ್ತು. ಬ್ರೌಸರ್ ತೆರೆದರೇ ಏದುಸಿರು ಬಿಡುವ ಮಷೀನು. ಅದಕ್ಕೆ ಲಿನಕ್ಸ್ ಹಾಕಿ, ಹಾಡು-ವಿಡಿಯೋ ನುಡಿಸುವ ಎಂಪಿವಿ (mpv) ಮತ್ತು ಅವನ್ನು ರೆಕಾರ್ಡ್ ಮಾಡುವ ಎಫ್‌ಎಫ್‌ಎಂಪೆಗ್ (ffmpeg) ಇನ್‌ಸ್ಟಾಲ್ ಮಾಡಿದೆ. ಆಕಾಶವಾಣಿ ಲೈವ್ ಬರುವ ವೆಬ್ ಪುಟ ತೆರೆದು, ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ನೋಡಿದರೆ ಸ್ಟ್ರೀಮ್‌ನ, ಅಂದರೆ ಇಂಟರ್ನೆಟ್‌ನಲ್ಲಿ ಹರಿದು ಬರುವ ಪ್ರಸಾರದ, ವಿಳಾಸ ಸಿಗುತ್ತದೆ. ಕೊನೆಯಲ್ಲಿ ಎಂ3ಯು8 (m3u8) ಅಂತ ಇರುವುದೇ ಅದು. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಬರೆದು ಕೆಲಸ ಮಾಡಿಸುವ ಕಿಟಕಿಯಲ್ಲಿ, mpv ಅಂತ ಬರೆದು ಮುಂದೆ ವಿಳಾಸ ಹಾಕಿದರೆ ರೇಡಿಯೋ ಹಾಡುತ್ತದೆ. 9 ಒತ್ತಿದರೆ ದನಿ ಕಡಿಮೆ, 0 ಒತ್ತಿದರೆ ಜಾಸ್ತಿ.

ಆ ಎಂ3ಯು8 ಒಂದು ಸಾದಾ ಪಠ್ಯದ ಫೈಲು. ತೆರೆದು ನೋಡಿ, ಕೆಲವೇ ಸೆಕೆಂಡಿನ ತುಣುಕುಗಳ ಪಟ್ಟಿ ಇರುತ್ತದೆ. ಪ್ಲೇಯರ್ ಆ ಪಟ್ಟಿಯನ್ನು ಮತ್ತೆ ಮತ್ತೆ ತರಿಸಿಕೊಂಡು ಹೊಸ ತುಣುಕು ಬಂದಹಾಗೆ ನುಡಿಸುತ್ತದೆ. ಅದಕ್ಕೇ ರೇಡಿಯೋ ಸೆಟ್ಟಿಗಿಂತ ಲ್ಯಾಪ್‌ಟಾಪ್ ಸ್ವಲ್ಪ ಹಿಂದೆ. ರೆಕಾರ್ಡಿಂಗ್ ನಿಲ್ಲಿಸುವಾಗ ಎರಡು ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಪ್ರದೇಶ ಸಮಾಚಾರದ ಬಾಲ ಕತ್ತರಿಸಿ ಹೋಗುತ್ತದೆ.

ರೆಕಾರ್ಡಿಂಗ್ ಎಫ್‌ಎಫ್‌ಎಂಪೆಗ್ ಕೆಲಸ. ಅದಕ್ಕೆ ಕೋಡೆಕ್ (ಆಡಿಯೋ ಕಟ್ಟುವ, ಬಿಚ್ಚುವ ವಿಧಾನ) ಜಾಗದಲ್ಲಿ ‘ಕಾಪಿ’ (copy) ಅಂತ ಹೇಳಿದರೆ ಬಂದ ಆಡಿಯೋವನ್ನು ಬಿಚ್ಚಿ ಮತ್ತೆ ಕಟ್ಟುವ ಗೋಜಿಲ್ಲ, ಇದ್ದ ಹಾಗೇ ಬರೆಯುತ್ತದೆ. ಗುಣಮಟ್ಟ ಇಳಿಯುವುದಿಲ್ಲ, ಪ್ರೊಸೆಸರಿಗೂ ಹೆಚ್ಚು ಕೆಲಸವಿಲ್ಲ. 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಸ್ಟ್ರೀಮ್ ಆದರೆ ಗಂಟೆಗೆ ಸುಮಾರು 29 ಎಂಬಿ, ಅಷ್ಟೇ.

ಫೈಲನ್ನು ಎಂಪಿ4 ಆಗಿ ಉಳಿಸಲೇಬೇಡಿ. ಫೈಲಿನಲ್ಲಿ ಯಾವುದು ಎಲ್ಲಿದೆ ಅನ್ನುವ ಸೂಚಿ ಬರೆಯುವುದು ಕೊನೆಯಲ್ಲಿ. ನಡುವೆ ಕರೆಂಟ್ ಹೋಯಿತು ಅಂದರೆ ಇಡೀ ಫೈಲು ದಂಡ. ನಮ್ಮ ಲ್ಯಾಪ್‌ಟಾಪ್‌ನ ಬ್ಯಾಟರಿಯಂತೂ ಸತ್ತು ಯಾವ ಕಾಲವಾಯಿತೋ. ಎಎಸಿ (.aac) ಅಥವಾ ಎಂಕೆಎ (.mka) ಅನ್ನುವ ಆಡಿಯೋ ಫೈಲ್ ಆಗಿದ್ದರೆ ಅಲ್ಲಿಯವರೆಗೆ ಬಂದದ್ದಾದರೂ ಕೇಳಬಹುದು.

ಹೊತ್ತಿಗೆ ಸರಿಯಾಗಿ ಶುರು ಮಾಡಿಸಲು ಲಿನಕ್ಸ್‌ನಲ್ಲಿ ಕ್ರಾನ್ (cron) ಇದೆ. ಯಾವಾಗ ಯಾವ ಕಮಾಂಡ್ ಓಡಬೇಕು ಅಂತ ಅದಕ್ಕೆ ಬರೆದುಕೊಡುವ ಪಟ್ಟಿಯೇ ಕ್ರಾನ್‌ಟ್ಯಾಬ್. ಫೈಲ್ ಹೆಸರಿನಲ್ಲಿ ತಾರೀಕು ಬರಲಿ ಅಂತ ಶೇಕಡಾ ಚಿಹ್ನೆ (%) ಹಾಕುತ್ತೀರಲ್ಲ, ಕ್ರಾನ್‌ಟ್ಯಾಬ್‌ನಲ್ಲಿ ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್ (\) ಬೇಕೇ ಬೇಕು. ಇಲ್ಲದಿದ್ದರೆ ಕ್ರಾನ್ ಅಲ್ಲಿಗೇ ಸಾಲು ಮುರಿಯುತ್ತದೆ. ಈ ತಲೆನೋವೇ ಬೇಡ ಅಂದರೆ ಕಮಾಂಡನ್ನು ಒಂದು ಸ್ಕ್ರಿಪ್ಟ್ ಫೈಲಿನಲ್ಲಿ ಬರೆದಿಟ್ಟು, ಕ್ರಾನ್‌ಟ್ಯಾಬ್‌ನಿಂದ ಅದನ್ನೇ ಕರೆಯಿರಿ. ಮುಚ್ಚಳ ಮುಚ್ಚಿದಾಗ ಮಷೀನು ಮಲಗದ ಹಾಗೆ ಸೆಟ್ಟಿಂಗ್ ಬದಲಿಸಿ. ಮಲಗಿದ ಮಷೀನಿನಲ್ಲಿ ಕ್ರಾನ್ ಓಡುವುದಿಲ್ಲ.

ಈಗ ಅಪ್ಪ ತಿಂಡಿ ತಿನ್ನುತ್ತಾ ಕೇಳುತ್ತಾರೆ. ಎಂಪಿವಿಯಲ್ಲಿ ಮೇಲಿನ ಬಾಣದ ಕೀ ಒತ್ತಿದರೆ ಒಂದು ನಿಮಿಷ ಮುಂದೆ ಹಾರುತ್ತದೆ ಅಂತ ಒಮ್ಮೆ ತೋರಿಸಿದ್ದೆ. ಜಾಹೀರಾತು ಬಂದರೆ ಸಾಕು, ಇಡ್ಲಿ ಬಿಟ್ಟು ಎಡಗೈ ಅಲ್ಲಿಗೇ ಹೋಗುತ್ತದೆ.