ಅವ್ವನ ಪದಗಳನ್ನು ಸರ್ವರ್‌ಗೆ ಏರಿಸಿದ ಬಗೆ

ಯಾದಗಿರಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ತಹಶೀಲ್ದಾರರಿಗೆ ಅರ್ಜಿ, ಜಾತ್ರೆಯ ಕರಪತ್ರ, ಇವೇ ನನ್ನ ಅನ್ನ. ಮಧ್ಯಾಹ್ನದ ಬಿಸಿಲಿಗೆ ಹೆದರಿ ಯಾರೂ ಬರದ ಹೊತ್ತಿನಲ್ಲಿ ಅವ್ವನ ನೋಟ್‌ಬುಕ್ಕಿನ ತತ್ವಪದಗಳನ್ನು ಟೈಪ್ ಮಾಡುತ್ತಿದ್ದೆ. ಕಡಕೋಳ ಮಡಿವಾಳಪ್ಪನವರ ಪದಗಳೇ ಹೆಚ್ಚು. ಕೆಲವು ಯಾರವೆಂದು ಅವ್ವನಿಗೂ ಗೊತ್ತಿಲ್ಲ, ಅವಳ ಅವ್ವ ಹಾಡುತ್ತಿದ್ದಳು, ಅಷ್ಟೆ. ನಲವತ್ತೊಂದು ಪದಕ್ಕೆ ನಲವತ್ತೊಂದು ಪುಟ, ಜೊತೆಗೆ ಭಜನೆಯ ಒಂದಷ್ಟು ಫೋಟೊ. ವರ್ಷಕ್ಕೆ ಇಷ್ಟು ಎಂದು ಬಾಡಿಗೆ ಕೊಟ್ಟು, ಇವನ್ನೊಂದು ವೆಬ್‌ಸೈಟ್ ಮಾಡಲು ಸರ್ವರ್‌ನಲ್ಲಿ, ಅಂದರೆ ಸದಾ ಅಂತರ್ಜಾಲಕ್ಕೆ ಜೋಡಿಸಿರುವ ಬೇರೆಯವರ ಕಂಪ್ಯೂಟರಿನಲ್ಲಿ, ಜಾಗ ಹಿಡಿದೆ. ಏರಿಸುವ ಕೆಲಸ ಅರ್ಧ ಗಂಟೆಯದು. ನನಗೆ ಒಂದು ವಾರ ಹಿಡಿಯಿತು.

ಆ ವಾರದ ಬಹುಪಾಲು ಹೋದದ್ದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಅಕ್ಷರಗಳ ಹಿಂದೆ. ನಮ್ಮಂಥ ಅಂಗಡಿಗಳವರು ನುಡಿಯ ಹಳೆಯ ಫಾಂಟ್‌ನಲ್ಲೇ ಟೈಪ್ ಮಾಡಿ ರೂಢಿಯಾದವರು. ಅದರಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಆ ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ವೇಷ ಕಳಚಿ ಬೀಳುತ್ತದೆ. ಆದ್ದರಿಂದ ಏರಿಸುವ ಮೊದಲು ಎಲ್ಲವನ್ನೂ ಪರಿವರ್ತಕದಲ್ಲಿ ಹಾಕಿ ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯುನಿಕೋಡ್‌ಗೆ ತನ್ನಿ. ಪರಿವರ್ತಕವನ್ನು ಪೂರ್ತಿ ನಂಬಬೇಡಿ. ತತ್ವಪದಗಳಲ್ಲಿ ಕರ್ಮ, ಮರ್ಮ, ಸರ್ವ ಎಂಬಂಥ ಮಾತುಗಳು ಸಾಲಿಗೊಂದು ಬರುತ್ತವೆ. ಅರ್ಕಾವತ್ತು ಸರಿಯಾದ ಅಕ್ಷರದ ಮೇಲೆಯೇ ಕೂತಿದೆಯೇ ಎಂದು ಒಂದೊಂದನ್ನೂ ನೋಡಬೇಕು. ಬಳಿಕ ಕಡತವನ್ನು ಯುನಿಕೋಡ್ ಬರೆದಿಡುವ ಯುಟಿಎಫ್-8 ರೂಪದಲ್ಲಿ ಉಳಿಸಿ, ಪುಟದ ತಲೆಭಾಗದಲ್ಲಿ ಮೆಟಾ ಟ್ಯಾಗ್ ಮೂಲಕ ಅದನ್ನೇ ಬರೆದು ತಿಳಿಸಿ. ಎರಡರಲ್ಲಿ ಒಂದು ತಪ್ಪಿದರೂ ಓದುವವರಿಗೆ ಕಸ ಕಾಣಬಹುದು.

ಕಡತಗಳ ಹೆಸರಿನಲ್ಲಿ ಮಾತ್ರ ಕನ್ನಡಾಭಿಮಾನ ಬೇಡ. ಇಂಗ್ಲಿಷಿನ ಚಿಕ್ಕ ಅಕ್ಷರ, ಅಂಕಿ, ನಡುವೆ ಬೇಕಾದರೆ ಅಡ್ಡಗೆರೆ, ಇಷ್ಟರಲ್ಲೇ ಹೆಸರಿಡಿ. ಖಾಲಿ ಜಾಗ ಬಿಡಬೇಡಿ. ವಿಂಡೋಸ್‌ಗೆ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಎಲ್ಲವೂ ಒಂದೇ. ಲಿನಕ್ಸ್ ಸರ್ವರ್‌ಗೆ ಅವು ಬೇರೆ ಬೇರೆ ಕಡತಗಳು. ಮೊದಲ ಪುಟದ ಹೆಸರು ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಎಂದಿರಬೇಕು. ನಾನು ಅದರ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದು ಒಂದು ಸಂಜೆ ಕಳೆದುಕೊಂಡೆ.

ಇನ್ನೊಂದು ಪೆಟ್ಟು ಫೋಟೊಗಳದ್ದು. ನನ್ನ ಪರದೆಯ ಮೇಲೆ ಅವ್ವ ತಂಬೂರಿ ಹಿಡಿದು ಕೂತಿದ್ದಳು. ಮುಂಬೈಯಲ್ಲಿ ಕಟ್ಟಡದ ಕೆಲಸದಲ್ಲಿರುವ ತಮ್ಮ ಫೋನ್ ಮಾಡಿ, ಅವ್ವನ ಜಾಗದಲ್ಲಿ ಹರಿದ ಕಾಗದದ ಗುರುತಿದೆ ಎಂದ. ಪುಟದೊಳಗೆ ಫೋಟೊದ ವಿಳಾಸ ನನ್ನ ಕಂಪ್ಯೂಟರಿನ ಸಿ ಡ್ರೈವ್ ಎಂದೇ ಇತ್ತು. ನನ್ನ ಡ್ರೈವ್ ನನಗೆ ಮಾತ್ರ ತೆರೆಯುತ್ತದೆ, ತಮ್ಮನಿಗೆ ಹೇಗೆ ಕಾಣಬೇಕು? ಪುಟಗಳಿರುವ ಫೋಲ್ಡರ್‌ನೊಳಗೇ ಚಿತ್ರಗಳಿಗೊಂದು ಫೋಲ್ಡರ್ ಮಾಡಿ, ಅಲ್ಲಿಂದಲೇ ದಾರಿ ಬರೆಯಿರಿ. ಮೊಬೈಲ್‌ನಲ್ಲಿ ತೆಗೆದ ಫೋಟೊ ನಾಲ್ಕೈದು ಎಂಬಿ ತೂಗುತ್ತದೆ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿದರೆ ಪುಟ ಬೇಗ ತೆರೆದುಕೊಳ್ಳುತ್ತದೆ.

ಇನ್ನು ಕಡತ ಏರಿಸುವ ತಂತ್ರಾಂಶ. ನಾನು ಬಳಸುವುದು ಫೈಲ್‌ಜಿಲ್ಲಾ, ಕಾಸಿಲ್ಲದೆ ಸಿಗುತ್ತದೆ. ಅದರಲ್ಲಿ ಕ್ಲೈಂಟ್, ಸರ್ವರ್ ಎಂದು ಎರಡಿವೆ. ನಮಗೆ ಬೇಕಾದದ್ದು ನಮ್ಮ ಕಂಪ್ಯೂಟರಿನಿಂದ ಕಳಿಸುವ ಕ್ಲೈಂಟ್. ಅಳವಡಿಸುವಾಗ ಜೊತೆಗೆ ಇನ್ನೇನನ್ನೋ ಹಾಕಲೇ ಎಂದು ಕೇಳಿದರೆ ಬೇಡ ಎನ್ನಿ. ವಿಂಡೋಸ್‌ನಲ್ಲಿ ವಿನ್‌ಎಸ್‌ಸಿಪಿಯೂ ಚೆನ್ನಾಗಿದೆ. ಇವೆಲ್ಲದರ ಬೇರಿನಲ್ಲಿರುವ, ಕಂಪ್ಯೂಟರುಗಳ ನಡುವೆ ಕಡತ ಸಾಗಿಸುವ ಕಟ್ಟಳೆಯಾದ ಎಫ್‌ಟಿಪಿಯ ಮೊದಲ ಕರಡನ್ನು 1971ರಲ್ಲಿ ಬರೆದವರು ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋದ ಅಭಯ್ ಭೂಷಣ್. ಇದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೇನೆ. ಯಾರೂ ಚಹಾದ ಲೋಟದಿಂದ ತಲೆ ಎತ್ತಿಲ್ಲ.

ಆ ಹಳೆಯ ಎಫ್‌ಟಿಪಿಗೆ ಒಂದು ದೊಡ್ಡ ಕೊರತೆ ಇದೆ. ಪಾಸ್‌ವರ್ಡ್ ಲಕೋಟೆ ಇಲ್ಲದ ಅಂಚೆ ಕಾರ್ಡಿನಂತೆ ಬಯಲಾಗಿಯೇ ಹೋಗುತ್ತದೆ. ಜಾಗ ಬಾಡಿಗೆ ಕೊಟ್ಟವರು ಎಲ್ಲವನ್ನೂ ಗುಪ್ತಲಿಪಿಯಲ್ಲಿ ಸಾಗಿಸುವ ಎಸ್‌ಎಫ್‌ಟಿಪಿ ಕೊಟ್ಟಿದ್ದರೆ ಅದನ್ನೇ ಆರಿಸಿ, ಪೋರ್ಟ್, ಅಂದರೆ ಸರ್ವರ್‌ನ ಬಾಗಿಲ ಸಂಖ್ಯೆ, ಸಾಮಾನ್ಯವಾಗಿ 22. ಇಲ್ಲದಿದ್ದರೆ 21ನೇ ಪೋರ್ಟ್‌ನಲ್ಲಿಯೇ ಟಿಎಲ್‌ಎಸ್ ಎಂಬ ಗುಪ್ತಲಿಪಿ ಹೊದಿಸಿದ ಎಫ್‌ಟಿಪಿ ಸಿಗುತ್ತದೆಯೇ ಕೇಳಿ. ಸೈಟ್ ಮ್ಯಾನೇಜರ್ ತೆರೆದು ಹೋಸ್ಟ್ (ಸರ್ವರ್‌ನ ವಿಳಾಸ), ಬಳಕೆದಾರರ ಹೆಸರು, ಪಾಸ್‌ವರ್ಡ್ ತುಂಬಿ ಕನೆಕ್ಟ್ ಒತ್ತಿ. 530 ಎಂಬ ಸಂಖ್ಯೆ ಬಂದರೆ ಬಹುತೇಕ ಹೆಸರನ್ನೋ ಪಾಸ್‌ವರ್ಡನ್ನೋ ತಪ್ಪಾಗಿ ಕೊಟ್ಟಿದ್ದೀರಿ. ಬೇರೆ ಏನನ್ನೂ ಅಲುಗಾಡಿಸಬೇಡಿ. ಎಫ್‌ಟಿಪಿಯಲ್ಲಿ ಒಳಗೆ ಹೋದರೂ ಕಡತಗಳ ಪಟ್ಟಿ ಬಾರದೆ ನಿಂತರೆ, ವರ್ಗಾವಣೆಯ ಆಯ್ಕೆಗಳಲ್ಲಿ ಪ್ಯಾಸಿವ್ ಮೋಡ್ ಇದೆಯೇ ನೋಡಿ.

ತೆರೆದ ಕಿಟಕಿಯಲ್ಲಿ ಎಡಗಡೆ ನಿಮ್ಮ ಮನೆ (ನಿಮ್ಮ ಕಂಪ್ಯೂಟರ್), ಬಲಗಡೆ ಬಾಡಿಗೆ ಮನೆ (ಸರ್ವರ್). ಬಲಗಡೆ ಹಲವು ಕೋಣೆಗಳಿರುತ್ತವೆ, ಆದರೆ ಜಗತ್ತಿಗೆ ಕಾಣುವುದು ಪಡಸಾಲೆ ಒಂದೇ. ಅದರ ಹೆಸರು ಹೆಚ್ಚಾಗಿ ಪಬ್ಲಿಕ್ ಎಚ್‌ಟಿಎಂಎಲ್, ಕೆಲವು ಕಡೆ ಎಚ್‌ಟಿಡಾಕ್ಸ್. ಅದರೊಳಗೆ ಹೋಗಿ, ಎಡಗಡೆಯ ಫೋಲ್ಡರನ್ನಲ್ಲ, ಫೋಲ್ಡರಿನ ಒಳಗಿರುವುದನ್ನೆಲ್ಲ ಆಯ್ದು ಬಲಕ್ಕೆ ಎಳೆಯಿರಿ. ಫೋಲ್ಡರನ್ನೇ ಎಳೆದರೆ ಪುಟಗಳು ಇನ್ನೊಂದು ಬಾಗಿಲಿನ ಒಳಗೆ ಸೇರಿಕೊಳ್ಳುತ್ತವೆ, ನಿಮ್ಮ ವಿಳಾಸಕ್ಕೆ ಬಂದವರು ಖಾಲಿ ಪಡಸಾಲೆ ನೋಡಿ ಹಿಂದಿರುಗುತ್ತಾರೆ.

ಬೇಸಿಗೆಯಲ್ಲಿ ನಮ್ಮಲ್ಲಿ ಕರೆಂಟ್ ಹೇಳದೆ ಕೇಳದೆ ಹೋಗುತ್ತದೆ. ಹೋದರೆ ಗಾಬರಿ ಬೇಡ. ಬಂದ ಮೇಲೆ ಮತ್ತೆ ಎಳೆಯಿರಿ. ಅದೇ ಹೆಸರಿನ ಕಡತ ಅಲ್ಲಿದೆ, ಏನು ಮಾಡಲಿ ಎಂದು ಕೇಳುತ್ತದೆ. ಗಾತ್ರ ಬೇರೆಯಿದ್ದರೆ ಮಾತ್ರ ಬದಲಿಸು ಎಂಬ ಆಯ್ಕೆ ಅರೆಬರೆ ಹೋದವುಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ಕೆಳಗಡೆ ವಿಫಲವಾದವುಗಳ ಪಟ್ಟಿ ಖಾಲಿಯಾಗುವ ತನಕ ಏಳಬೇಡಿ. ವರ್ಗಾವಣೆಯ ಬಗೆ ಆಟೋ ಎಂದೇ ಇರಲಿ. ಫೋಟೊಗಳನ್ನು ಬರಹಕ್ಕೆಂದಿರುವ ಆಸ್ಕಿ ಬಗೆಯಲ್ಲಿ ಕಳಿಸಿದರೆ ಸಾಲಿನ ಕೊನೆಯ ಗುರುತುಗಳನ್ನು ತಿದ್ದುವ ಭರದಲ್ಲಿ ಚಿತ್ರವೇ ಕೆಡಬಹುದು.

ಪುಟ ತೆರೆದಾಗ 403 ಎಂಬ ತಪ್ಪಿನ ಸಂಖ್ಯೆ ಬಂದರೆ ಅನುಮತಿಯ ತೊಡಕು ಇರಬಹುದು. ಬಲಗಡೆ ಕಡತದ ಮೇಲೆ ರೈಟ್ ಕ್ಲಿಕ್ ಮಾಡಿ ಅನುಮತಿಯ ಸಂಖ್ಯೆಯಾಗಿ ಕಡತಕ್ಕೆ 644, ಫೋಲ್ಡರ್‌ಗೆ 755 ಕೊಡಿ. ಬೇಸತ್ತು 777 ಕೊಟ್ಟುಬಿಡಿ ಎನ್ನುವ ಗೆಳೆಯರು ಇರುತ್ತಾರೆ. ಅದು ಬೀಗವನ್ನೇ ಕಿತ್ತಿಟ್ಟಂತೆ. ತಿದ್ದಿ ಏರಿಸಿದರೂ ಹಳೆಯ ಪುಟವೇ ಕಂಡರೆ ಅದು ಬ್ರೌಸರ್ ಕೂಡಿಟ್ಟ ಪ್ರತಿ. ಕಂಟ್ರೋಲ್ ಜೊತೆ ಎಫ್5 ಒತ್ತಿ. ಕೊನೆಗೆ ಬೇರೆಯವರ ಮೊಬೈಲ್‌ನಲ್ಲಿ ನೋಡಿ, ಸ್ವಂತ ಕಂಪ್ಯೂಟರ್ ತನ್ನ ಡ್ರೈವ್‌ನಲ್ಲಿರುವುದನ್ನೇ ತೋರಿಸಿ ಸರಿಯಿದೆ ಎಂದುಬಿಡಬಹುದು.

ತಿದ್ದುವ ಕೆಲಸ ಯಾವಾಗಲೂ ಎಡದಲ್ಲಿ ಆಗಲಿ, ಬಲಕ್ಕೆ ಹೋಗುವುದು ಪ್ರತಿ. ಬದಲಿಸುವ ಮುಂಚೆ ಬಲದಲ್ಲಿರುವುದನ್ನು ದಿನಾಂಕ ಬರೆದ ಬೇರೊಂದು ಫೋಲ್ಡರ್‌ಗೆ ಎಳೆದಿಟ್ಟುಕೊಳ್ಳಿ. ಒಮ್ಮೆ ದಿಕ್ಕು ತಪ್ಪಿ, ಅವ್ವ ಕೂತು ತಿದ್ದಿಸಿದ ಆರು ಪದಗಳ ಮೇಲೆ ಸರ್ವರ್‌ನ ಹಳೆಯ ಪಾಠವನ್ನು ಎಳೆದುಕೊಂಡೆ. ಅವಳು ಆರನ್ನೂ ಮತ್ತೆ ಹಾಡಿದಳು. ಎರಡರಲ್ಲಿ ಸಾಲುಗಳೇ ಬೇರೆ ಬಂದವು. ಈಗ ಎರಡೂ ಪಾಠಗಳನ್ನು ಏರಿಸಿದ್ದೇನೆ.