‘ಜಾಡ್ಯ’ ಪದವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು

ದಾವಣಗೆರೆಯ ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳಿಂದ ‘ಯಾ ಕುಂದೇಂದು’ ಶ್ಲೋಕ ಹೇಳಿಸುವ ರೂಢಿಯಿದೆ. ಅದರ ಕೊನೆಯಲ್ಲಿರುವ ‘ನಿಃಶೇಷಜಾಡ್ಯಾಪಹಾ’ ಎಂಬುದಕ್ಕೆ ‘ಎಲ್ಲ ರೋಗಗಳನ್ನೂ ಕಳೆಯುವವಳು’ ಎಂದು ನಾನು ಬಹುಕಾಲ ಅರ್ಥ ಹೇಳುತ್ತಿದ್ದೆ. ಅದು ತಪ್ಪು, ಅಲ್ಲಿ ಸರಸ್ವತಿ ಕಳೆಯುವುದು ಬುದ್ಧಿಗೆ ಕವಿದ ಮಂಕನ್ನು. ಅಲಸದಿಂದ ಆಲಸ್ಯ, ಮಂದದಿಂದ ಮಾಂದ್ಯ ಆದಂತೆ ಜಡದಿಂದ ಜಾಡ್ಯ ಆಗಿದ್ದು, ರೋಗವೆಂಬ ಅರ್ಥ ಕನ್ನಡದ ಬಳಕೆಯಲ್ಲಿ ಮುಂದಕ್ಕೆ ಬಂದಿದೆ. (ಮೌಢ್ಯದ ನೆನಪಿನಿಂದ ‘ಜಾಢ್ಯ’ ಎಂದು ಬರೆಯಬಾರದು.)

ಭರತನ ನಾಟ್ಯಶಾಸ್ತ್ರವು ಎಣಿಸುವ 33 ಸಂಚಾರಿ ಭಾವಗಳಲ್ಲಿ, ಎಂದರೆ ಬಂದು ಹೋಗುವ ಭಾವಗಳಲ್ಲಿ, ಜಡತೆ, ಆಲಸ್ಯ, ವಿಷಾದ, ವ್ಯಾಧಿ ಬೇರೆ ಬೇರೆಯಾಗಿ ನಿಂತಿವೆ. ಕನ್ನಡದ ಜಾಡ್ಯದ ಮೇಲೆ ಈ ನಾಲ್ಕರ ನೆರಳೂ ಬಿದ್ದಿದೆ. ಆದ್ದರಿಂದ ಎಲ್ಲ ಕಾಯಿಲೆಗೂ ಈ ಪದ ಒಗ್ಗುವುದಿಲ್ಲ. ‘ಸಕ್ಕರೆ ಕಾಯಿಲೆ’ ಸರಿ, ‘ಸಕ್ಕರೆ ಜಾಡ್ಯ’ ಎಂದು ಯಾರೂ ಹೇಳುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಹಬ್ಬುವ ‘ಅಂಟುಜಾಡ್ಯ’ಕ್ಕೆ, ಬಿಡಿಸಿದರೂ ಬಿಡದ ದುರಭ್ಯಾಸಕ್ಕೆ, ‘ಜಾತೀಯತೆಯೆಂಬ ಜಾಡ್ಯ’ದಂತಹ ಸಾಮಾಜಿಕ ಕೇಡಿಗೆ ಇದು ಚೆನ್ನಾಗಿ ಹೊಂದುತ್ತದೆ. ಜೊತೆಗೆ ಬರುವ ಕ್ರಿಯಾಪದಗಳನ್ನು ಗಮನಿಸಿದರೆ ಪದದ ಗುಣ ತಿಳಿಯುತ್ತದೆ: ಜಾಡ್ಯ ಹಿಡಿಯುತ್ತದೆ, ಅಂಟುತ್ತದೆ, ತೊಲಗುತ್ತದೆ, ‘ವಾಸಿಯಾಯಿತು’ ಎಂಬ ಮಾತು ಅದರ ಪಕ್ಕದಲ್ಲಿ ಅಪರೂಪ.

ಇದರ ತದ್ಭವವಾದ ‘ಜಡ್ಡು’ ನಮ್ಮ ಕಡೆ ಇನ್ನೂ ಜೀವಂತವಾಗಿದೆ. ಆಸ್ಪತ್ರೆಯ ಚೀಟಿ ಮಾಡಿಸುವ ಸಾಲಿನಲ್ಲಿ ನಿಂತ ಹಳ್ಳಿಯ ಹೆಂಗಸು ‘ನಮ್ಮಪ್ಪಗೆ ಜಡ್ಡಾಗೈತ್ರಿ’ ಎನ್ನುವಾಗ ಅದು ಬರಿಯ ಕಾಯಿಲೆ. ಮಂಡಕ್ಕಿ ಭಟ್ಟಿಯಲ್ಲಿ ವರ್ಷಗಟ್ಟಲೆ ದುಡಿದವರ ಅಂಗೈಯನ್ನು ಮುಟ್ಟಿ ನೋಡಿದರೆ ಇನ್ನೊಂದು ಜಡ್ಡು ಸಿಗುತ್ತದೆ. ಬೆರಳ ಬುಡದಲ್ಲಿ ಚರ್ಮ ದಪ್ಪಗಾಗಿ, ಬಿಸಿ ತಾಗಿದರೂ ಬೇಗ ಗೊತ್ತಾಗದಷ್ಟು ಗಟ್ಟಿಯಾಗಿರುತ್ತದೆ. ‘ಜಡ್ಡುಗಟ್ಟಿದ ಮನಸ್ಸು’, ‘ಜಡ್ಡುಗಟ್ಟಿದ ಆಡಳಿತ’ ಎಂಬ ಪತ್ರಿಕಾ ಪ್ರಯೋಗಗಳು ಈ ಅಂಗೈಯ ಹೋಲಿಕೆಯಿಂದಲೇ ಅರ್ಥ ಕೊಡುತ್ತವೆ: ಅಲ್ಲಿ ಹೇಳುತ್ತಿರುವುದು ದುಃಖವನ್ನಲ್ಲ, ಏನೂ ತಾಗದ ಸ್ಥಿತಿಯನ್ನು. ಬೇಸರದಲ್ಲಿರುವವರ ಮನಸ್ಸು ಜಡ್ಡುಗಟ್ಟಿದೆ ಎಂದು ಬರೆದರೆ ಅರ್ಥ ತಲೆಕೆಳಗಾಗುತ್ತದೆ. ಅದಕ್ಕೆ ‘ಮಂಕು ಕವಿದಿದೆ’ ಎನ್ನುವುದು ಸರಿ.

ವೈದ್ಯರ ನೆರವು ಬೇಕಾದ ಮನೋರೋಗಕ್ಕಂತೂ ‘ಖಿನ್ನತೆ’ ಎಂದೇ ಬರೆಯಬೇಕು. ಅದನ್ನು ಜಾಡ್ಯವೆಂದು ಕರೆದರೆ ‘ನೀನೇ ಅಂಟಿಸಿಕೊಂಡದ್ದು’ ಎಂಬ ಆಕ್ಷೇಪ ಒಳಗೊಳಗೇ ಸೇರಿಕೊಳ್ಳುತ್ತದೆ. ರಜೆಯ ಅರ್ಜಿಗೆ ‘ಅನಾರೋಗ್ಯ’ ಸಾಕು. ಹಿರಿಯರು ಮಲಗಿದ್ದರೆ ಬರವಣಿಗೆಯಲ್ಲಿ ‘ದೇಹಾಲಸ್ಯ’, ಅವರ ಮನೆಯ ಬಾಗಿಲಲ್ಲಿ ನಿಂತು ಕೇಳುವಾಗ ‘ಅಜ್ಜಾರಿಗೆ ಆರಾಮಿಲ್ಲಂತಲ್ರೀ?’