ಸ್ವರದ ಬಾಲ ಹಿಡಿದು: ಪಿಯಾನೋ ಕಲಿಕೆಯಲ್ಲಿ ನನ್ನ ಅನುಭವ

ಪಿಯಾನೋದಲ್ಲಿ ಕೀ ಒತ್ತಿಯಾದ ಮೇಲೆ ಆ ಸ್ವರದ ಮೇಲೆ ನಮ್ಮ ಹಿಡಿತ ಹೆಚ್ಚೇನೂ ಉಳಿದಿರುವುದಿಲ್ಲ. ಹ್ಯಾಮರ್ ಚಿಮ್ಮಿ ತಂತಿಗೆ ಬಡಿದು ವಾಪಸ್ ಬಂದಿರುತ್ತದೆ. ಕೀಯನ್ನು ಎಷ್ಟು ಅದುಮಿ ಹಿಡಿದರೂ, ಮಣಿಕಟ್ಟನ್ನು ಎಷ್ಟು ಆಡಿಸಿದರೂ ಸ್ವರ ಏರುವುದಿಲ್ಲ, ನಡುಗುವುದಿಲ್ಲ, ಕರಗುತ್ತಾ ಹೋಗುತ್ತದೆ ಅಷ್ಟೇ. ಪಿಟೀಲಿನವರಿಗೆ ಕಮಾನು ಇದೆ, ಹಾಡುವವರಿಗೆ ಉಸಿರಿದೆ. ನಮಗಿರುವುದು ಕೀ ಕೆಳಗಿಳಿಯುವ ಸುಮಾರು ಒಂದು ಸೆಂಟಿಮೀಟರ್ ದಾರಿ. ಅದನ್ನು ಎಷ್ಟು ವೇಗದಲ್ಲಿ ಇಳಿಸುತ್ತೇವೆ, ಯಾವಾಗ ಬಿಡುತ್ತೇವೆ, ಸ್ವರವನ್ನು ಉಳಿಸಿಡುವ ಕಾಲಿನ ಪೆಡಲ್ ಯಾವಾಗ ಒತ್ತುತ್ತೇವೆ, ಇಷ್ಟರಲ್ಲೇ ವಾದ್ಯವನ್ನು ಹಾಡಿಸಬೇಕು.

ನೋಟ್‌ಗಳೆಲ್ಲ ಸರಿ, ತಾಳವೂ ಸರಿ, ಆದರೂ ಟೈಪ್ ಮಾಡಿದ ಹಾಗೆ ಕೇಳಿಸುತ್ತದೆ. ಕಲಿಯುವವರಲ್ಲಿ ಬಹಳ ಜನ ಈ ಘಟ್ಟದಲ್ಲಿ ಸಿಕ್ಕಿಕೊಳ್ಳುತ್ತಾರೆ, ನಾನೂ ಇಲ್ಲಿಂದಲೇ ದಾಟಬೇಕಾಯಿತು. ಆಗ ಎಲ್ಲರೂ ಹೇಳುವ ಮಾತು ‘ಭಾವ ತುಂಬಿ ನುಡಿಸಿ’. ನಿಜ ಹೇಳಬೇಕೆಂದರೆ ಆ ಸಲಹೆಯಿಂದ ನನಗೆ ಕಿಂಚಿತ್ತೂ ಉಪಯೋಗವಾಗಲಿಲ್ಲ. ಭಾವ ತುಂಬಲು ಹೋದರೆ ಹೆಗಲು ಬಿಗಿಯುತ್ತದೆ, ಮುಖ ಬದಲಾಗುತ್ತದೆ, ಸದ್ದು ಮಾತ್ರ ಹಾಗೇ ಇರುತ್ತದೆ. ಕೆಲಸಕ್ಕೆ ಬಂದದ್ದು, ಪ್ರತಿ ಸ್ವರ ಕರಗುವುದನ್ನು ಕೊನೆಯವರೆಗೂ ಕೇಳಿಸಿಕೊಳ್ಳುವ ಅಭ್ಯಾಸ.

ಇದಕ್ಕೆ ನಾನು ಆರಿಸಿಕೊಂಡದ್ದು ಸಂಗೀತ ರಚನಕಾರ ಶೋಪಾನ್ ಅವರ ಇ ಮೈನರ್ ಪ್ರಿಲ್ಯೂಡ್ ಎಂಬ ಪುಟ್ಟ ಕೃತಿ, ಓಪಸ್ (ಕೃತಿಸಂಖ್ಯೆ) 28ರಲ್ಲಿ 4ನೆಯದು. 1839ರಲ್ಲಿ ಪ್ರಕಟವಾದ ಈ ತುಣುಕು ಇಪ್ಪತ್ತೈದೇ ಬಾರ್‌ಗಳದ್ದು (ಬಾರ್ ಎಂದರೆ ತಾಳದ ಒಂದು ಆವರ್ತ), ಒಂದೇ ಪುಟದಲ್ಲಿ ಮುಗಿಯುತ್ತದೆ. ಬಲಗೈಯಲ್ಲಿ ಹೆಚ್ಚಿನ ಕಡೆ ಬಾರ್‌ಗೆ ಎರಡೆರಡೇ ಸ್ವರ. ಬೆರಳಿಗೆ ಕೆಲಸ ಕಡಿಮೆ ಇರುವುದರಿಂದ ಗಮನವನ್ನೆಲ್ಲ ಕಿವಿಗೆ ಕೊಡಬಹುದು.

ಮೊದಲ ಮೂರು ಬಾರ್‌ಗಳಲ್ಲಿ ಬಲಗೈಗೆ ಇರುವುದು ಉದ್ದನೆಯ ಬಿ ಸ್ವರ, ಅದರ ಹಿಂದೆಯೇ ಗಿಡ್ಡ ಸಿ ಸ್ವರ. ಮತ್ತೆ ಬಿ, ಮತ್ತೆ ಸಿ. ನಾನು ಎಡಗೈಯನ್ನು ತೊಡೆಯ ಮೇಲಿಟ್ಟು ಬರೀ ಬಿ ನುಡಿಸಿ ಕಾಯುತ್ತಿದ್ದೆ. ಸ್ವರ ಇಳಿಯುತ್ತಾ ಇಳಿಯುತ್ತಾ ಎಲ್ಲಿಗೆ ಬಂತು ಎಂದು ಕೇಳಿಕೊಂಡು, ಸರಿಯಾಗಿ ಅಷ್ಟೇ ಸದ್ದಿನಲ್ಲಿ ಸಿ ಇಡಬೇಕು. ಬಿ ಶುರುವಾದ ಜೋರಿನಲ್ಲೇ ಸಿ ನುಡಿಸಿದರೆ ಅದು ಪಕ್ಕದಲ್ಲಿ ಯಾರೋ ಕೂಗಿದ ಹಾಗೆ ಎದ್ದು ನಿಲ್ಲುತ್ತದೆ, ಬರೆದವರು ಅಲ್ಲಿ ಒತ್ತು ಹಾಕಿಲ್ಲದಿದ್ದರೂ. ಬಿಯ ಬಾಲಕ್ಕೆ ಸಿ ಅಂಟಿಕೊಂಡಾಗ ಎರಡು ಬಡಿತಗಳು ಒಂದೇ ಎಳೆಯಾಗುತ್ತವೆ. ಪಿಯಾನೋದಲ್ಲಿ ಲೆಗಾಟೊ ಎನ್ನುವುದು ಹೆಚ್ಚೂಕಡಿಮೆ ಇದೇ: ಬೆರಳನ್ನು ಬಿಡದೆ ಜೋಡಿಸುವುದು ಅರ್ಧ ಕೆಲಸ, ಸದ್ದಿನ ಮಟ್ಟವನ್ನು ಜೋಡಿಸುವುದು ಉಳಿದರ್ಧ. ಮಣಿಕಟ್ಟಿನ ಚಲನೆಯೂ ಇಲ್ಲೇ ತಾನಾಗಿ ಸಿಕ್ಕಿತು. ಬಿಗೆ ಕೈಯ ಭಾರ ಇಳಿಯುತ್ತದೆ, ಸಿಗೆ ಮಣಿಕಟ್ಟು ಮೆಲ್ಲಗೆ ಮೇಲೇಳುತ್ತದೆ. ಬೇರೆಯಾಗಿ ‘ಮಣಿಕಟ್ಟು ಸಡಿಲ ಮಾಡುವ ವ್ಯಾಯಾಮ’ ಅಂತ ಮಾಡುವುದಕ್ಕಿಂತ ಇದು ಬೇಗ ಕೂರುತ್ತದೆ ಎಂಬುದು ನನ್ನ ಅಭಿಪ್ರಾಯ.

ನಿಜವಾದ ಕಷ್ಟ ಎಡಗೈಯದ್ದು. ಬಾರ್‌ಗೆ ಎಂಟರಂತೆ ಒಂದೇ ಸಮನೆ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗಳು), ಒಳಗಿನ ಸ್ವರಗಳು ಅರ್ಧರ್ಧ ಸ್ವರ ಕೆಳಗೆ ಜಾರುತ್ತಾ ಬಣ್ಣ ಬದಲಿಸುತ್ತವೆ. ಎಂಟನ್ನೂ ಎಂಟಾಗಿ ನುಡಿಸಿದರೆ ತುಣುಕು ಕುಂಟುತ್ತದೆ. ಲಾರ್ಗೊ (ಬಹಳ ನಿಧಾನ) ಎಂದು ಬರೆದಿದ್ದರೂ ತಾಳದ ಗುರುತು ಬಾರ್‌ಗೆ ಎರಡೇ ಎಣಿಕೆಯದ್ದು, ಅದನ್ನು ನಂಬಿದ ಮೇಲೆ ಎಡಗೈ ಹರಿಯತೊಡಗಿತು. ಮೂರು ಸ್ವರದ ಕಾರ್ಡ್‌ನಲ್ಲಿ ಯಾವ ಬೆರಳು ಬದಲಾಗುತ್ತಿದೆಯೋ ಅದಕ್ಕೆ ಕೂದಲೆಳೆಯಷ್ಟು ಹೆಚ್ಚು ಭಾರ ಕೊಟ್ಟು, ಉಳಿದೆರಡನ್ನು ಕೀಗೆ ಅಂಟಿಸಿಟ್ಟೇ ನುಡಿಸಿದೆ. ಕೀ ಪೂರ್ತಿ ಮೇಲೆ ಬರುವ ಮುನ್ನವೇ ಮತ್ತೆ ಇಳಿಸಿದರೆ ಸದ್ದು ಮೆತ್ತಗೆ ಬರುತ್ತದೆ. ಇದು ಗ್ರ್ಯಾಂಡ್ ಪಿಯಾನೋದಲ್ಲಿ ಸಲೀಸು, 1821ರಲ್ಲಿ ಪಿಯಾನೋ ತಯಾರಕ ಎರಾರ್ ಪೇಟೆಂಟ್ ಪಡೆದ ಡಬಲ್ ಎಸ್ಕೇಪ್‌ಮೆಂಟ್ ಎಂಬ ಯಂತ್ರವ್ಯವಸ್ಥೆ ಇರುವುದೇ ಇದಕ್ಕೆ. ನೆಟ್ಟಗೆ ನಿಲ್ಲುವ ಸಾಮಾನ್ಯ ಅಪ್‌ರೈಟ್ ಪಿಯಾನೋದಲ್ಲಿ ಕೀಯನ್ನು ಇನ್ನಷ್ಟು ಮೇಲೆ ಬಿಡಬೇಕಾಗುತ್ತದೆ, ಇಲ್ಲದಿದ್ದರೆ ಸ್ವರವೇ ಹುಟ್ಟುವುದಿಲ್ಲ. ಅಪ್‌ರೈಟ್‌ನಲ್ಲಿ ಕಲಿಯುವವರು ಇದಕ್ಕಾಗಿ ತಮ್ಮ ಬೆರಳುಗಳನ್ನು ಬೈದುಕೊಳ್ಳಬೇಕಾಗಿಲ್ಲ.

ಎರಡೂ ಕೈ ಸೇರಿಸುವ ಮುಂಚೆ ಇನ್ನೊಂದು ಕಸರತ್ತು: ಬಲಗೈ ತುಂಬುದನಿಯಲ್ಲಿ ಹಾಡುತ್ತಿರಬೇಕು, ಎಡಗೈ ಕೀಗಳನ್ನು ಸದ್ದೇ ಬಾರದಂತೆ ಬರೀ ಮುಟ್ಟಬೇಕು. ಮೊದಮೊದಲು ಎಡಗೈ ಬಲಗೈಯನ್ನೂ ಎಳೆದುಕೊಂಡು ಸುಮ್ಮನಾಗಿಸುತ್ತದೆ. ಎರಡು ಕೈಗೆ ಎರಡು ಭಾರ ಎಂಬುದು ಮೈಗೆ ಹತ್ತಿದ ಮೇಲೆ ಎಡಗೈಗೆ ಚೂರು ಚೂರೇ ಸದ್ದು ಕೊಡುತ್ತಾ ಬರಬಹುದು.

ನನ್ನ ಟೀಚರ್ ಬಾಯಲ್ಲಿ ಸದಾ ಇರುತ್ತಿದ್ದ ಮಾತು ‘ಮೊದಲು ಹಾಡಿ ತೋರಿಸಿ’. ಕಂಠ ಚೆನ್ನಾಗಿರಬೇಕಾಗಿಲ್ಲ, ನನ್ನದಂತೂ ಅಲ್ಲ. ಹಾಡುವಾಗ ಉಸಿರು ಎಲ್ಲಿ ಮುಗಿಯುತ್ತದೋ ಅಲ್ಲಿ ಪೆನ್ಸಿಲ್‌ನಿಂದ ಅಲ್ಪವಿರಾಮ ಹಾಕಿಕೊಂಡೆ. ಆ ಗುರುತುಗಳು ಬಾರ್ ಗೆರೆಗಳ ಮೇಲೆ ಬೀಳುವುದೇ ಅಪರೂಪ. ಕೈಯನ್ನು ಕೀಯಿಂದ ಎತ್ತುವ ಜಾಗ, ಚೂರು ತಡೆಯುವ ಜಾಗ ಎರಡೂ ಅಲ್ಲಿಂದಲೇ ಗೊತ್ತಾದವು.

ತಡೆಯುವ ವಿಷಯದಲ್ಲಿ, ಅಂದರೆ ರುಬಾಟೊದಲ್ಲಿ, ಬೇಕಾದಲ್ಲಿ ನಿಧಾನ ಮಾಡುವುದೇ ಭಾವ ಎಂಬ ನಂಬಿಕೆ ಬಹಳ ಕಡೆ ಇದೆ. ಮೊಜಾರ್ಟ್ 1777ರಲ್ಲಿ ತಂದೆಗೆ ಬರೆದ ಪತ್ರದಲ್ಲಿ, ತಾನು ನಿಧಾನಗತಿಯ ಅಡಾಜಿಯೊದಲ್ಲಿ ರುಬಾಟೊ ಮಾಡುವಾಗಲೂ ಎಡಗೈ ತಾಳ ಬಿಡದೆ ಹೋಗುವುದನ್ನು ಕಂಡು ಜನ ಬೆರಗಾಗುತ್ತಾರೆ ಎನ್ನುತ್ತಾರೆ. ಶೋಪಾನ್ ಕೂಡ ಎಡಗೈಯೇ ವಾದ್ಯವೃಂದದ ನಿರ್ದೇಶಕ ಎಂದು ಕಲಿಸುತ್ತಿದ್ದರೆಂದು ಅವರ ಶಿಷ್ಯರು ದಾಖಲಿಸಿದ್ದಾರೆ. ಹಾಗಾಗಿ ನಾನು ತಾಳ ತೋರಿಸುವ ಮೆಟ್ರೋನೋಮನ್ನು ಬಾರ್‌ಗೆ ಒಂದೇ ಟಿಕ್ ಬರುವಂತೆ ಇಟ್ಟುಕೊಂಡೆ. ಟಿಕ್ ಟಿಕ್ ನಡುವಿನ ಜಾಗ ನನ್ನದು, ಅಲ್ಲಿ ಹಿಗ್ಗಿಸಬಹುದು, ಕುಗ್ಗಿಸಬಹುದು, ಆದರೆ ಮುಂದಿನ ಟಿಕ್‌ಗೆ ಬಂದು ಸೇರಬೇಕು. ತೆಗೆದುಕೊಂಡ ಸಮಯವನ್ನು ವಾಪಸ್ ಕೊಡುವ ಶಿಸ್ತು ಹೀಗೆ ಕೂರುತ್ತದೆ. ಸ್ಟ್ರೆಟ್ಟೊ (ವೇಗ ಹೆಚ್ಚಿಸಿ) ಎಂದು ಬರೆದಿರುವ 16ನೇ ಬಾರ್ ಬಂದಾಗ ಮಾತ್ರ ಮೆಟ್ರೋನೋಮ್ ಬಂದ್. ಅಲ್ಲಿ ಸಂಗೀತವೇ ಮುನ್ನುಗ್ಗುತ್ತದೆ.

ಪೆಡಲ್ ಬಗ್ಗೆ ಒಂದೇ ಮಾತು. ಕಾರ್ಡ್ ಬದಲಾಗುವಾಗ ಕೈ ಇಳಿದ ಕ್ಷಣಕ್ಕೆ ಕಾಲು ಮೇಲೇಳಬೇಕು, ಹೊಸ ಕಾರ್ಡ್ ಮಾತ್ರ ಕೇಳಿಸುತ್ತಿದೆ ಎಂದು ಖಾತ್ರಿಯಾದ ಮೇಲೆ ಮತ್ತೆ ಒತ್ತಬೇಕು. ಎಣಿಕೆಯ ಮೇಲೆ ಒತ್ತುವ ಕಾಲು ಎಲ್ಲವನ್ನೂ ಕಲಸಿಬಿಡುತ್ತದೆ.

ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದನ್ನು ಎಲ್ಲರೂ ಹೇಳುತ್ತಾರೆ. ನಾನು ಸೇರಿಸುವುದು ಇಷ್ಟೇ: ತಕ್ಷಣ ಕೇಳಬೇಡಿ, ಮಾರನೆಯ ದಿನ ಕೇಳಿ, ನೋಟ್ಸ್ ಎದುರಿಗೆ ಇಡದೆ ಕೇಳಿ. ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂಬುದನ್ನು ಕಾಗದದ ಮೇಲೆ ಒಂದು ಗೆರೆಯಾಗಿ ಎಳೆಯಿರಿ. ನುಡಿಸುವಾಗ ಬೆಟ್ಟದಂತಿದ್ದ ಕ್ರೆಶೆಂಡೊ (ಸದ್ದಿನ ಏರಿಕೆ) ಕಾಗದದ ಮೇಲೆ ಸಣ್ಣ ಉಬ್ಬು. ಆಮೇಲೆ ನಾಚಿಕೆ ಬಿಟ್ಟು ಅತಿ ಮಾಡಿ ನುಡಿಸುವುದು, ಮತ್ತೆ ರೆಕಾರ್ಡ್ ಮಾಡುವುದು. ‘ಇದು ಅತಿಯಾಯಿತು’ ಅನ್ನಿಸಿದ್ದೇ ಕೇಳುವಾಗ ಹದವಾಗಿರುತ್ತದೆ. ಡಿಜಿಟಲ್ ಪಿಯಾನೋದಲ್ಲಿ ಹೆಡ್‌ಫೋನ್ ಹಾಕಿ ಅಭ್ಯಾಸ ಮಾಡುವವರು ವಾಲ್ಯೂಮ್ ತೀರಾ ತಗ್ಗಿಸಬಾರದು. ಕೇಳಿಸಲೆಂದು ಕೈ ತಾನಾಗಿ ಜೋರು ಮಾಡುತ್ತದೆ, ಮೆತ್ತನೆಯ ಸದ್ದಿನ ಹಿಡಿತವೇ ಹೋಗುತ್ತದೆ.

‘ಮೊದಲು ನೋಟ್ ಕಲಿತು ಆಮೇಲೆ ಭಾವ ಸೇರಿಸೋಣ’ ಎಂಬ ಪದ್ಧತಿಯನ್ನು ನಾನು ಪೂರ್ತಿ ಕೈಬಿಟ್ಟಿದ್ದೇನೆ. ಹೊಸ ತುಣುಕಿನಲ್ಲಿ ಎರಡೇ ಬಾರ್ ತೆಗೆದುಕೊಂಡರೂ ಅವನ್ನು ಏರಿಳಿತದ ಸಮೇತವೇ ಕಲಿಯುತ್ತೇನೆ, ಸಪ್ಪೆಯಾಗಿ ಕೂತ ಬೆರಳನ್ನು ತಿದ್ದುವುದು ಇಮ್ಮಡಿ ಕೆಲಸ. ವೇಗದ ತುಣುಕುಗಳಲ್ಲಿ ಮಾತ್ರ ಸ್ವರದ ಬಾಲ ಕೇಳಲು ಪುರುಸೊತ್ತಿರುವುದಿಲ್ಲ. ಅಲ್ಲಿ ಸ್ವರಗಳನ್ನು ಒಂದು ಗುಂಪಾಗಿ ಹಿಡಿದು, ಅದು ತಲುಪಬೇಕಾದ ಒಂದೇ ಒಂದು ಸ್ವರವನ್ನು ಗುರುತಿಸಿ, ನಡುವಿನದ್ದನ್ನೆಲ್ಲ ಹಗುರವಾಗಿ ಅದರತ್ತ ಉರುಳಿಸುತ್ತೇನೆ. ಹೆಬ್ಬೆರಳು ಬರುವ ಕಡೆಯೆಲ್ಲ ಇನ್ನೂ ಭಾರ ಬೀಳುತ್ತಿದೆ. ಸದ್ಯಕ್ಕೆ ಹೆಬ್ಬೆರಳಿನ ಸ್ವರಗಳಿಗೆಲ್ಲ ಪೆನ್ಸಿಲ್‌ನಲ್ಲಿ ಸೊನ್ನೆ ಸುತ್ತಿ ಬಿಡಿಬಿಡಿಯಾಗಿ ತಿದ್ದಿಕೊಳ್ಳುತ್ತಿದ್ದೇನೆ.